ಮಂಜಿನಲ್ಲೂ ಓದಿಸಿಕೊಳ್ಳುವ ಫಲಕ: ಸೈಕಲ್ ಜಾಥಾಕ್ಕೆ ಮನೆಯಲ್ಲೇ ತಯಾರಿ

ಸೈಕಲ್ ಜಾಥಾದ ದಿನ ಹತ್ತಿರ ಬಂದಂತೆ ನನ್ನಲ್ಲಿಗೆ ಬರುವ ಪ್ರಶ್ನೆಗಳು ಮೂರೇ. ರಟ್ಟಿನ ಫಲಕ ಮಳೆಗೆ ನಿಲ್ಲುತ್ತದೆಯೇ? ಯಾವ ಬಣ್ಣ ತರಬೇಕು? ಅಕ್ಷರ ಎಷ್ಟು ದೊಡ್ಡದಿರಬೇಕು? ಮೂರನೆಯದನ್ನು ಎಲ್ಲರೂ ಕೊನೆಗೆ, ಹೊರಡುವಾಗ ಬಾಗಿಲಲ್ಲಿ ನಿಂತು ಕೇಳುತ್ತಾರೆ. ನನ್ನ ಮಟ್ಟಿಗೆ ಅದೇ ಮೊದಲ ಪ್ರಶ್ನೆ. ಬಣ್ಣ ಚೆನ್ನಾಗಿದ್ದು, ರಟ್ಟು ಗಟ್ಟಿಯಾಗಿದ್ದು, ಅಕ್ಷರ ಓದಲಾಗದಿದ್ದರೆ ಆ ಫಲಕ ಕಟ್ಟಿಯೂ ಕಟ್ಟದಂತೆಯೇ.

ಕೊಡಗಿನ ರಸ್ತೆಗಳಲ್ಲಿ ಇದು ಇನ್ನೂ ಮುಖ್ಯ. ಇಲ್ಲಿ ನೂರು ಮೀಟರ್ ನೇರ ರಸ್ತೆ ಸಿಕ್ಕಿದರೆ ದೊಡ್ಡದು. ಎರಡೂ ಬದಿಗೆ ಕಾಫಿ ತೋಟ, ಮೇಲೆ ಸಿಲ್ವರ್ ಓಕ್ ನೆರಳು, ಬೆಳಗಿನ ಎಂಟು ಗಂಟೆಯವರೆಗೂ ಮಂಜು. ಇಳಿಜಾರಿನಲ್ಲಿ ಬರುವ ಸವಾರನ ಕಣ್ಣು ರಸ್ತೆಯ ಮೇಲಿರುತ್ತದೆ, ಫಲಕಕ್ಕೆ ಸಿಗುವುದು ಹೆಚ್ಚೆಂದರೆ ಎರಡು ಸೆಕೆಂಡು. ಆ ಎರಡು ಸೆಕೆಂಡಿನಲ್ಲಿ ಓದಿ ಮುಗಿಯುವ ಫಲಕವನ್ನು ಮನೆಯ ಜಗಲಿಯಲ್ಲಿ ಕುಳಿತು ಹೇಗೆ ಮಾಡುವುದು ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಫ್ಲೆಕ್ಸ್ ಮುದ್ರಿಸಿದರೆ ಸುಲಭವಲ್ಲವೇ ಎಂದು ಕೇಳಬೇಡಿ. ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್, ಬಂಟಿಂಗ್, ಪ್ಲಾಸ್ಟಿಕ್ ಬಾವುಟ, ಥರ್ಮೊಕೋಲ್ ಇವೆಲ್ಲವನ್ನೂ ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಪರಿಸರಕ್ಕಾಗಿ ಸೈಕಲ್ ತುಳಿಯುತ್ತೇವೆ ಎಂದು ಹೇಳಿಕೊಂಡು ನಿಷೇಧಿತ ಫ್ಲೆಕ್ಸ್ ಕಟ್ಟುವುದು ಸರಿಯಲ್ಲ. ಯಾರದೋ ಮನೆಯ ಅಟ್ಟದಲ್ಲಿ ಬಿದ್ದಿರುವ ಹಳೆಯ ಫ್ಲೆಕ್ಸನ್ನು ತಿರುಗಿಸಿ ಬರೆಯುವ ಆಲೋಚನೆಯನ್ನೂ ಬಿಡಿ. ಅದರ ಮೇಲೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ, ದಾರಿಯಲ್ಲಿ ನೋಡುವವರಿಗೆ ಅದು ಹಳೆಯದೋ ಹೊಸದೋ ಗೊತ್ತಾಗುವುದೂ ಇಲ್ಲ.

ಮೊದಲು ಕೂಡಿಸಿಕೊಳ್ಳಬೇಕಾದ ಸಾಮಾನು

ದಿನಸಿ ಅಂಗಡಿಯಿಂದ ದೊಡ್ಡ ರಟ್ಟಿನ ಪೆಟ್ಟಿಗೆಗಳು. ಒಳಗೆ ಅಲೆಯಂತಹ ಪದರ ಇರುವ ದಪ್ಪ ರಟ್ಟೇ ಬೇಕು, ಬಿಸ್ಕತ್ತಿನ ತೆಳು ಡಬ್ಬ ಆಗದು. ಕಟ್ಟಿಗೆ ಡಿಪೊದಲ್ಲಿ ಪ್ಲೈವುಡ್ ತುಂಡುಗಳು ಸಿಕ್ಕರೆ 4 ಮಿಲಿಮೀಟರ್ ದಪ್ಪದವು ಸಾಕು, ಅವು ನಾಲ್ಕೈದು ವರ್ಷ ಬರುತ್ತವೆ. ಬ್ಯಾನರಿಗೆ ಹಳೆಯ ಬಿಳಿ ಹತ್ತಿಯ ಪಂಚೆ ಅಥವಾ ಹೊದಿಕೆ. ಕಂಬಕ್ಕೆ ಬಿದಿರು ಅಥವಾ ಅಡಕೆ ಮರದ ದಬ್ಬೆ. ಕಟ್ಟಲು ಸೆಣಬಿನ ಹುರಿ.

ಬಣ್ಣದಲ್ಲಿ ಎರಡು ಬಗೆ ಬೇಕು. ತಳಕ್ಕೆ ಹೊರಗೋಡೆಗೆ ಬಳಿಯುವ ಎಮಲ್ಷನ್, ಎಂದರೆ ನೀರಿನಲ್ಲಿ ಕಲಸುವ, ಒಣಗಿದ ಮೇಲೆ ಮಳೆಗೆ ಕರಗದ ಬಣ್ಣ. ಅಕ್ಷರಕ್ಕೆ ಕಪ್ಪು ಎನಾಮಲ್, ಎಂದರೆ ಕಿಟಕಿ ಸರಳಿಗೆ ಬಳಿಯುವ ಎಣ್ಣೆ ಬಣ್ಣ. ಯಾರ ಮನೆಗಾದರೂ ಇತ್ತೀಚೆಗೆ ಬಣ್ಣ ಹೊಡೆಸಿದ್ದರೆ ಕೇಳಿ ನೋಡಿ, ತಳಕ್ಕೆ ಸಾಕಾಗುವಷ್ಟು ಎಮಲ್ಷನ್ ಡಬ್ಬದಲ್ಲೇ ಉಳಿದಿರುತ್ತದೆ. ಜೊತೆಗೆ ಒಂದು ಇಂಚಿನ ಚಪ್ಪಟೆ ಕುಂಚ, ಅರ್ಧ ಇಂಚಿನದು ಇನ್ನೊಂದು, ಎನಾಮಲ್ ಹತ್ತಿದ ಕುಂಚ ತೊಳೆಯಲು ಟರ್ಪೆಂಟೈನ್, ಸೀಮೆಸುಣ್ಣ, ಉದ್ದ ಅಳತೆಪಟ್ಟಿ, ಕಾಗದದ ಅಂಟುಪಟ್ಟಿ, ಎರಡು ಮೇಣದ ಬತ್ತಿ.

ಶಾಲೆಯ ಪೋಸ್ಟರ್ ಕಲರ್ ಮತ್ತು ಸ್ಕೆಚ್ ಪೆನ್ ಇವುಗಳ ಸಾಲಿನಲ್ಲಿ ಬೇಡವೇ ಬೇಡ. ಒಮ್ಮೆ ಭಾಗಮಂಡಲದ ರಸ್ತೆಯಲ್ಲಿ ಬೆಳಿಗ್ಗೆ ಆರಕ್ಕೆ ನಾನೇ ಕಟ್ಟಿದ ಚಾರ್ಟ್ ಪೇಪರಿನ ಫಲಕದಲ್ಲಿ ಎಂಟು ಗಂಟೆಗೆ ಅಕ್ಷರವೇ ಇರಲಿಲ್ಲ. ಜೋರು ಮಳೆಯೇನೂ ಬಂದಿರಲಿಲ್ಲ, ತುಂತುರು ಹನಿ ಅಷ್ಟೇ. ‘ಎಡ’ ಎಂಬುದು ನೀಲಿ ನೀರಾಗಿ ಕೆಳಗಿನ ಹುಲ್ಲಿಗೆ ಇಳಿದಿತ್ತು. ಹಿಂದೆ ಬಂದ ಹುಡುಗರು ನೇರ ಹೋಗಿಬಿಟ್ಟಿದ್ದರು.

ಹಂತ 1: ದಾರಿಯನ್ನು ಸೈಕಲ್‌ನಲ್ಲೇ ನೋಡಿ ಬನ್ನಿ

ಜೀಪಿನಲ್ಲಿ ಹೋಗಿ ನೋಡಿದರೆ ಲೆಕ್ಕ ತಪ್ಪುತ್ತದೆ. ಜೀಪಿನ ಸೀಟಿನಿಂದ ಕಾಣುವ ತಿರುವು ಸೈಕಲ್ ಮೇಲೆ ಬಗ್ಗಿ ಕುಳಿತವರಿಗೆ ಕಾಣುವುದಿಲ್ಲ. ಜಾಥಾ ಹೊರಡುವ ಹೊತ್ತಿನಲ್ಲೇ ಹೋಗಿ, ಬೆಳಗಿನ ಬೆಳಕು ಯಾವ ಕಡೆಯಿಂದ ಕಣ್ಣಿಗೆ ಹೊಡೆಯುತ್ತದೆ, ಮಂಜು ಎಲ್ಲಿ ಕೂರುತ್ತದೆ ಎಂಬುದು ಆಗಲೇ ತಿಳಿಯುವುದು.

ಪ್ರತಿ ತಿರುವಿಗೂ ಮೂರು ಫಲಕ ಬರೆದುಕೊಳ್ಳಿ. ಒಂದು, ತಿರುವಿಗೆ 50 ಮೀಟರ್ ಮೊದಲು. ಎರಡು, ತಿರುವಿನಲ್ಲೇ. ಮೂರು, ತಿರುಗಿದ ಮೇಲೆ 50 ಮೀಟರ್ ಮುಂದೆ, ‘ಸರಿಯಾದ ದಾರಿಯಲ್ಲೇ ಇದ್ದೀರಿ’ ಎಂದು ಹೇಳುವ ನೇರ ಬಾಣ. ಈ ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ತೋಟದ ರಸ್ತೆಗಳು ಒಂದರಂತೆ ಒಂದು ಇರುವ ನಮ್ಮಲ್ಲಿ ಸವಾರನಿಗೆ ಅನುಮಾನ ಹುಟ್ಟುವುದು ತಿರುಗಿದ ನಂತರವೇ. ಇಳಿಜಾರಿನ ಕೊನೆಗೆ ತಿರುವಿದ್ದರೆ ಮೊದಲ ಫಲಕವನ್ನು ತಿರುವಿಗೆ 100 ಮೀಟರ್ ಮೊದಲೇ ಇಡಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಇಳಿಯುವ ಸೈಕಲ್ ಸೆಕೆಂಡಿಗೆ 11 ಮೀಟರ್ ಮುಂದೆ ಹೋಗುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿಯುವುದಕ್ಕೂ ಜಾಗ ಬೇಕು. ಕವಲಿನಲ್ಲಿ ತಪ್ಪು ದಾರಿಯೇ ಅಗಲವಾಗಿದ್ದರೆ ಆ ದಾರಿಯ ಬಾಯಲ್ಲಿ ದೊಡ್ಡ ಗುಣಾಕಾರ ಚಿಹ್ನೆಯ ಫಲಕವೊಂದನ್ನು ಇಡಿ.

ನೀರು, ಊಟ, ಇಳಿಜಾರು, ಗುಂಡಿ ಇವುಗಳನ್ನೂ ಸೇರಿಸಿ ಒಟ್ಟು ಲೆಕ್ಕ ಹಾಕಿ. ಇಷ್ಟೇ. ಘೋಷಣೆಯ ಫಲಕಗಳು ಇದರ ನಂತರ.

ಹಂತ 2: ಅನುಮತಿ

ಸಾರ್ವಜನಿಕ ಸ್ಥಳದಲ್ಲಿ ಅನುಮತಿಯಿಲ್ಲದೆ ಬರೆಯುವುದನ್ನು, ಅಂಟಿಸುವುದನ್ನು ತಡೆಯುವ ಕಾನೂನು ರಾಜ್ಯದಲ್ಲಿ 1981ರಿಂದಲೇ ಇದೆ. ಮಡಿಕೇರಿಯಲ್ಲಾದರೆ ನಗರಸಭೆ, ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿ, ಜಾಥಾಕ್ಕಾಗಿ ಪೊಲೀಸ್ ಠಾಣೆ. ಅರ್ಜಿಯಲ್ಲಿ ಫಲಕಗಳ ಸಂಖ್ಯೆ, ಕಟ್ಟುವ ಜಾಗ, ಬಿಚ್ಚುವ ಸಮಯ ಮೂರನ್ನೂ ಬರೆಯಿರಿ. ಬಿಚ್ಚುವ ಸಮಯ ಬರೆದ ಅರ್ಜಿಗೆ ಒಪ್ಪಿಗೆ ಬೇಗ ಸಿಗುವುದನ್ನು ನಾನು ಕಂಡಿದ್ದೇನೆ. ಕುಶಾಲನಗರ ಮತ್ತು ಸುಂಟಿಕೊಪ್ಪ ನಡುವಿನ ಆನೆಕಾಡಿನಂತಹ ಅರಣ್ಯದ ಅಂಚಿನಲ್ಲಿ ಹೋಗುವುದಾದರೆ ಅರಣ್ಯ ಇಲಾಖೆಯವರಿಗೂ ತಿಳಿಸಬೇಕು. ತೋಟದ ಬೇಲಿಗೆ, ಗೇಟಿಗೆ ಕಟ್ಟುವ ಮೊದಲು ತೋಟದವರನ್ನು ಕೇಳಿ. ಕೇಳಿದರೆ ಬೇಡ ಎನ್ನುವವರು ಅಪರೂಪ, ಕೇಳದೆ ಕಟ್ಟಿದರೆ ಮುಂದಿನ ವರ್ಷ ಆ ದಾರಿಯೇ ಇಲ್ಲ.

ಹಂತ 3: ಮಾತು ಆರಿಸುವುದು

ಇಲ್ಲಿ ಸ್ವಲ್ಪ ನಿಲ್ಲೋಣ. ಕನ್ನಡ ಫಲಕ ಬರೆಯುವವರು ಇಂಗ್ಲಿಷ್ ಫಲಕದ ಲೆಕ್ಕವನ್ನೇ ಹಿಡಿದುಕೊಂಡರೆ ಕೆಡುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ಮುಗಿಯುತ್ತವೆ. ನಮ್ಮ ಅಕ್ಷರಕ್ಕೆ ಮೇಲೆ ತಲೆಕಟ್ಟು, ಗುಡಿಸು, ಪಕ್ಕದಲ್ಲಿ ಕೊಂಬು, ದೀರ್ಘ, ಕೆಳಗೆ ಒತ್ತಕ್ಷರ. ಒತ್ತಕ್ಷರ ಬಂದರೆ ಅಕ್ಷರದ ಎತ್ತರದ ಅರ್ಧದಷ್ಟು ಜಾಗ ಕೆಳಗೆ ಬೇಕು. ಆ ಜಾಗ ಕೊಡಲು ಇಡೀ ಸಾಲನ್ನೇ ಚಿಕ್ಕದು ಮಾಡಬೇಕಾಗುತ್ತದೆ. ಸಾಲು ಚಿಕ್ಕದಾದರೆ ದೂರದಿಂದ ಕಾಣುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇದು: ದಾರಿ ತೋರಿಸುವ ಫಲಕಗಳಿಗೆ ಒತ್ತಕ್ಷರವಿಲ್ಲದ ಮಾತನ್ನೇ ಆರಿಸಿ. ಅದೃಷ್ಟಕ್ಕೆ ನಮಗೆ ಬೇಕಾದ ಮಾತುಗಳೆಲ್ಲ ಹಾಗೆಯೇ ಇವೆ. ಎಡ, ಬಲ, ನೇರ, ನಿಧಾನ, ತಿರುವು, ಇಳಿಜಾರು, ಗುಂಡಿ, ನೀರು, ಊಟ, ದಾರಿ, ಶಾಲೆ. ‘ಎಡಕ್ಕೆ ತಿರುಗಿ’ ಎಂದು ಬರೆಯುವ ಬದಲು ‘ಎಡ’ ಎಂದು ಬರೆದು ಬಾಣ ಹಾಕಿ. ‘ಪ್ರಾರಂಭ’ ಬೇಡ, ‘ಆರಂಭ’ ಸಾಕು. ‘ಮುಕ್ತಾಯ’ ಬೇಡ, ‘ಕೊನೆ’ ಸಾಕು. ‘ಎಚ್ಚರ’ದಲ್ಲಿ ಒತ್ತಕ್ಷರ ತಪ್ಪುವುದಿಲ್ಲ, ಅದರ ಜಾಗದಲ್ಲಿ ‘ನಿಧಾನ’ ಬರೆದರೆ ಸವಾರ ಏನು ಮಾಡಬೇಕು ಎಂಬುದೂ ತಿಳಿಯುತ್ತದೆ.

ಇನ್ನೊಂದು ಮಾತು. ಕೊಡಗಿನ ಒಂದು ಜಾಥಾದಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆಯವರು, ತುಳು, ಮಲಯಾಳ ಮನೆಮಾತಿನವರು ಎಲ್ಲರೂ ಇರುತ್ತಾರೆ. ಹೊರ ರಾಜ್ಯಗಳಿಂದ ಬಂದ ತೋಟದ ಕೆಲಸಗಾರರ ಮಕ್ಕಳೂ ಸೈಕಲ್ ತರುತ್ತಾರೆ. ಎಲ್ಲರಿಗೂ ಕನ್ನಡ ಅಕ್ಷರ ಅಷ್ಟು ಬೇಗ ಓದಲು ಬರುವುದಿಲ್ಲ. ಹಾಗಾಗಿ ದಾರಿಯ ಪ್ರತಿ ಫಲಕದಲ್ಲೂ ಅರ್ಧ ಜಾಗ ಬಾಣಕ್ಕೆ ಅಥವಾ ಚಿತ್ರಕ್ಕೆ ಮೀಸಲಿಡಿ. ನೀರಿಗೆ ಲೋಟ, ಊಟಕ್ಕೆ ತಟ್ಟೆ. ಪ್ರಥಮ ಚಿಕಿತ್ಸೆಗೆ ಮಾತ್ರ ಬಿಳಿಯ ಮೇಲೆ ಕೆಂಪು ಕೂಡು ಚಿಹ್ನೆ ಹಾಕಬೇಡಿ. ಅದು ರೆಡ್ ಕ್ರಾಸ್ ಲಾಂಛನ, 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಯಾರೂ ಬಳಸುವಂತಿಲ್ಲ. ಹಸಿರಿನ ಮೇಲೆ ಬಿಳಿ ಕೂಡು ಚಿಹ್ನೆ ಹಾಕಿ, ಪ್ರಥಮ ಚಿಕಿತ್ಸೆಗೆ ಲೋಕದಲ್ಲೆಲ್ಲ ಬಳಕೆಯಲ್ಲಿರುವುದು ಅದೇ.

ಸರ್ಕಾರದ ರಸ್ತೆ ಸಂಕೇತಗಳನ್ನೂ ನಕಲು ಮಾಡಬಾರದು. ಕೆಂಪು ಅಂಚಿನ ವೃತ್ತ ಎಂದರೆ ಆಜ್ಞೆ, ಕೆಂಪು ಅಂಚಿನ ತ್ರಿಕೋನ ಎಂದರೆ ಎಚ್ಚರಿಕೆ ಎಂದು ಲಾರಿ ಚಾಲಕನ ಕಣ್ಣಿಗೆ ರೂಢಿಯಾಗಿದೆ. ನಿಮ್ಮ ಫಲಕವನ್ನು ಅವನು ತನಗೆ ಎಂದುಕೊಂಡು ಗಕ್ಕನೆ ಬ್ರೇಕ್ ಹಾಕಿದರೆ ಹಿಂದಿನವರ ಗತಿಯೇನು? ನಿಮ್ಮದು ಆಯತವಾಗಿರಲಿ, ಹಳದಿಯಾಗಿರಲಿ, ಮೂಲೆಯಲ್ಲಿ ಒಂದು ಸಣ್ಣ ಸೈಕಲ್ ಚಿತ್ರವಿರಲಿ.

ಘೋಷಣೆಗಳಿಗೆ ಈ ಬಿಗಿ ನಿಯಮ ಬೇಡ, ಆದರೆ ಮೂರು ಮಾತು ಮೀರಬೇಡಿ. ‘ನಮಗೂ ದಾರಿ ಬಿಡಿ’, ‘ಒಂದೂವರೆ ಮೀಟರ್ ದೂರವಿರಿ’, ‘ಶಾಲೆಗೆ ಸೈಕಲ್’ ಇಷ್ಟರಲ್ಲೇ ಹೇಳಬೇಕಾದದ್ದು ಹೇಳಿದಂತಾಗುತ್ತದೆ. ಮಕ್ಕಳು ತಾವೇ ಕಟ್ಟಿದ ಪ್ರಾಸವನ್ನು ಬರೆಯುತ್ತೇವೆ ಎಂದರೆ ಬರೆಯಲಿ. ಇಸವಿ, ತಾರೀಖು ಮಾತ್ರ ಬೇಡ. ತಾರೀಖನ್ನು ಬೇರೆ ಪಟ್ಟಿಯಲ್ಲಿ ಬರೆದು ಕೆಳಗೆ ಕಟ್ಟಿದರೆ ಅದೇ ಫಲಕ ಮುಂದಿನ ವರ್ಷಕ್ಕೂ ಆಗುತ್ತದೆ.

ಹಂತ 4: ಅಕ್ಷರದ ಅಳತೆ

ಪ್ರತಿ 3 ಮೀಟರ್ ದೂರಕ್ಕೆ ಅಕ್ಷರದ ಎತ್ತರ 2.5 ಸೆಂಟಿಮೀಟರ್, ಅಂದರೆ ಒಂದು ಇಂಚು. ಫಲಕ ಬರೆಯುವವರ ಹಳೆಯ ಲೆಕ್ಕ ಇದು. 10 ಸೆಂಟಿಮೀಟರ್ ಅಕ್ಷರ 12 ಮೀಟರ್ ದೂರದಿಂದ ಸಲೀಸಾಗಿ ಓದುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದ ಸವಾರನಿಗೆ ಆ ದೂರ ಎರಡು ಸೆಕೆಂಡಿನದು. ಸಮತಟ್ಟಾದ ರಸ್ತೆಗೆ ಇದು ಕನಿಷ್ಠ. ಇಳಿಜಾರಿಗೆ 20 ಸೆಂಟಿಮೀಟರ್ ಬೇಕು. ಈ ಅಳತೆ ಮೂಲಾಕ್ಷರದ್ದು, ತಲೆಯ ಮೇಲಿನ ಗುಡಿಸನ್ನೂ ಕೆಳಗಿನ ಒತ್ತನ್ನೂ ಬಿಟ್ಟು.

ಗೆರೆಯ ದಪ್ಪ ಎತ್ತರದ ಆರನೇ ಒಂದು ಭಾಗ. 15 ಸೆಂಟಿಮೀಟರ್ ಅಕ್ಷರಕ್ಕೆ ಒಂದು ಇಂಚಿನ ಕುಂಚವನ್ನು ಒಮ್ಮೆ ಎಳೆದರೆ ಸರಿಹೋಗುತ್ತದೆ. ಇನ್ನೂ ದಪ್ಪವಾದರೆ ಚೆನ್ನಾಗಿ ಕಾಣಬಹುದು ಎಂದುಕೊಂಡು ಗೆರೆ ಹಿಗ್ಗಿಸಿದರೆ ಅಕ್ಷರದ ಹೊಟ್ಟೆಯೊಳಗಿನ ಖಾಲಿ ಜಾಗ ಮುಚ್ಚಿಹೋಗುತ್ತದೆ. ಆಗ ‘ಪ’ ಮತ್ತು ‘ಷ’ ಒಂದೇ ಆಗುತ್ತವೆ. ‘ದ’ ಮತ್ತು ‘ಧ’ ನಡುವಿನ ಸಣ್ಣ ಸೀಳು ಮಾಯವಾಗುತ್ತದೆ. ‘ವು’ ಬರೆಯುವಾಗ ಕೊಂಬನ್ನು ಕೆಳಕ್ಕೆ ಸರಿಯಾಗಿ ಇಳಿಸದಿದ್ದರೆ ‘ಮ’ ಎಂದು ಓದಿಸಿಕೊಳ್ಳುತ್ತದೆ, ‘ತಿರುವು’ ಅರ್ಥವಿಲ್ಲದ ಮಾತಾಗುತ್ತದೆ. ಅಕ್ಷರ ಅಕ್ಷರದ ನಡುವೆ ಎರಡು ಬೆರಳು, ಫಲಕದ ಅಂಚಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು ಜಾಗ ಬಿಡಿ. ಬರೆಯುವ ಮೊದಲು ಮಾತನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಷ್ಟೇ ದೊಡ್ಡದಾಗಿ ಬರೆದು, 12 ಹೆಜ್ಜೆ ಹಿಂದೆ ಹೋಗಿ, ಕಣ್ಣು ಅರೆಮುಚ್ಚಿ ನೋಡಿ. ಅರೆಗಣ್ಣಿಗೆ ಓದಿದರೆ ಮಂಜಿನಲ್ಲೂ ಓದುತ್ತದೆ.

ಹಂತ 5: ಬಣ್ಣದ ಜೋಡಿ

ಹಳದಿಯ ಮೇಲೆ ಕಪ್ಪು. ಇದಕ್ಕಿಂತ ಒಳ್ಳೆಯ ಜೋಡಿ ನಮ್ಮ ರಸ್ತೆಗಳಿಗಿಲ್ಲ. ಬಿಳಿ ಫಲಕ ಮಂಜಿನಲ್ಲಿ ಕರಗಿಹೋಗುತ್ತದೆ, ಹಸಿರು ಫಲಕ ತೋಟದಲ್ಲಿ ಕಳೆದುಹೋಗುತ್ತದೆ. ಕೆಂಪು ನೆರಳಿನಲ್ಲಿ ಕಪ್ಪಾಗಿ ಕಾಣುತ್ತದೆ, ಹಸಿರಿನ ಮೇಲೆ ಕೆಂಪು ಬರೆದರೆ ಬಣ್ಣಗುರುಡು ಇರುವವರಿಗೆ ಎರಡೂ ಒಂದೇ. ಸಿಗುವುದು ಬಿಳಿ ಎಮಲ್ಷನ್ ಮಾತ್ರ ಎಂದಾದರೆ ಅಂಗಡಿಯಲ್ಲಿ ಹಳದಿ ಸ್ಟೈನರ್, ಎಂದರೆ ಬಿಳಿಗೆ ಬೆರೆಸುವ ಗಾಢ ಬಣ್ಣದ ಸಣ್ಣ ಬಾಟಲಿ, ಸಿಗುತ್ತದೆ. ತೆಳು ಹಳದಿಗೆ ತೃಪ್ತಿಪಡಬೇಡಿ, ಮಾಗಿದ ಕಿತ್ತಳೆಯ ಹತ್ತಿರಕ್ಕೆ ಬರುವವರೆಗೂ ಬೆರೆಸಿ.

ಹಂತ 6: ರಟ್ಟು ಕತ್ತರಿಸಿ ತಳ ಬಳಿಯುವುದು

45 ಸೆಂಟಿಮೀಟರ್ ಎತ್ತರ, 60 ಸೆಂಟಿಮೀಟರ್ ಅಗಲ ಅನುಕೂಲದ ಅಳತೆ. ರಟ್ಟಿನ ಒಳಗಿನ ಅಲೆಗಳು ಮೇಲಿಂದ ಕೆಳಕ್ಕೆ ನಿಲ್ಲುವಂತೆ ಕತ್ತರಿಸಿ. ಅಡ್ಡಲಾಗಿದ್ದರೆ ಮಧ್ಯಾಹ್ನದೊಳಗೆ ಫಲಕದ ತಲೆ ಮುಂದಕ್ಕೆ ಬಾಗುತ್ತದೆ. ಮೂಲೆಗಳನ್ನು ದುಂಡಗೆ ಮಾಡಿ, ನಾಲ್ಕು ಅಂಚುಗಳಿಗೂ ಮೇಣದ ಬತ್ತಿಯನ್ನು ಒತ್ತಿ ಉಜ್ಜಿ. ಮಳೆನೀರು ರಟ್ಟಿನೊಳಗೆ ನುಗ್ಗುವುದು ಮುಖದಿಂದಲ್ಲ, ಅಂಚಿನ ಆ ಸಣ್ಣ ಕೊಳವೆಗಳಿಂದ.

ತಳದ ಬಣ್ಣವನ್ನು ಎರಡೂ ಬದಿಗೆ ಬಳಿಯಬೇಕು. ಒಂದೇ ಬದಿಗೆ ಬಳಿದರೆ ಒಣಗುವಾಗ ಫಲಕ ಹಪ್ಪಳದಂತೆ ಮುದುಡುತ್ತದೆ. ಮೊದಲ ಪದರಕ್ಕೆ ಸ್ವಲ್ಪ ನೀರು ಬೆರೆಸಿ, ರಟ್ಟು ಹೀರಿಕೊಳ್ಳಲಿ. ಎರಡನೆಯದಕ್ಕೆ ಬೆರೆಸಬೇಡಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕಣದ ಮೇಲೆ ಒಣಹಾಕುವ ಆಸೆ ಬೇಡ, ಅಲ್ಲಿ ಕಾಫಿಗೆ ಜಾಗ ಸಾಲದಿರುತ್ತದೆ, ಬಣ್ಣದ ವಾಸನೆ ಹಣ್ಣಿಗೆ ಹತ್ತಿದರೆ ನಷ್ಟ. ಜಗಲಿಯಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ಚಿಮಟಿಯಿಂದ ತೂಗುಹಾಕಿ, ಎರಡೂ ಬದಿಗೆ ಗಾಳಿ ಆಡುತ್ತದೆ. ಒಂದು ದಿನ ಪೂರ್ತಿ ಬಿಡಿ.

ಎಮಲ್ಷನ್ ಮೇಲೆ ಎನಾಮಲ್ ಬರೆಯಬಹುದು. ಎನಾಮಲ್ ಮೇಲೆ ಎಮಲ್ಷನ್ ಬಳಿದರೆ ಸಿಪ್ಪೆಯಂತೆ ಏಳುತ್ತದೆ. ಈ ಕ್ರಮ ಮರೆಯಬಾರದು.

ಹಂತ 7: ಬರೆಯುವುದು

ಸಾಲು ನೇರವಾಗಲು ಬಡಗಿಗಳ ಉಪಾಯವೇ ಸಾಕು. ದಾರಕ್ಕೆ ಸೀಮೆಸುಣ್ಣ ಸವರಿ, ಎರಡು ತುದಿಯನ್ನೂ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟರೆ ಗೆರೆ ಬೀಳುತ್ತದೆ. ಮೇಲೊಂದು, ಕೆಳಗೊಂದು. ಅಕ್ಷರಗಳನ್ನು ಮೊದಲು ಸೀಮೆಸುಣ್ಣದಲ್ಲಿ ಎಳೆದು, ಮನೆಯ ಇನ್ನೊಬ್ಬರಿಗೆ ಓದಲು ಹೇಳಿ. ಬರೆದವರ ಕಣ್ಣಿಗೆ ತಪ್ಪಕ್ಷರ ಕಾಣುವುದಿಲ್ಲ.

ಕುಂಚವನ್ನು ಬಣ್ಣದಲ್ಲಿ ಕೂದಲಿನ ಮೂರನೇ ಒಂದು ಭಾಗದಷ್ಟೇ ಅದ್ದಿ, ಡಬ್ಬದ ಅಂಚಿಗೆ ಒರೆಸಿ. ‘ರ’ ಬರೆಯುವ ಬಗೆ ನೋಡಿ: ಮೊದಲು ಎಡದ ಅರ್ಧ ಸುತ್ತು ಮೇಲಿಂದ ಕೆಳಕ್ಕೆ, ನಂತರ ಬಲದ ಅರ್ಧ ಸುತ್ತು ಮತ್ತೆ ಮೇಲಿಂದ ಕೆಳಕ್ಕೆ, ಎರಡೂ ತಳದಲ್ಲಿ ಸೇರಲಿ, ಆಮೇಲೆ ತಲೆಕಟ್ಟು. ಒಂದೇ ಎಳೆತಕ್ಕೆ ಸುತ್ತು ಹಾಕಲು ಹೋದರೆ ಕುಂಚ ಮೇಲಕ್ಕೆ ಹತ್ತುವಾಗ ಕೂದಲು ಅಗಲಿಸಿ ಅಂಚು ಹರಿಯುತ್ತದೆ. ಕನ್ನಡದ ಎಲ್ಲ ದುಂಡು ಅಕ್ಷರಗಳಿಗೂ ಇದೇ ಕ್ರಮ, ಕುಂಚ ಯಾವಾಗಲೂ ಕೆಳಮುಖವಾಗಿರಬೇಕು. ಅನುಸ್ವಾರದ ಸೊನ್ನೆಯನ್ನು ಮಾತ್ರ ಅರ್ಧ ಇಂಚಿನ ಕುಂಚದಲ್ಲಿ ಬರೆಯಿರಿ, ನಡುವೆ ಹಳದಿ ಉಳಿಯಬೇಕು.

ಒಂದೇ ಮಾತಿನ ಹತ್ತು ಫಲಕ ಬೇಕಾದರೆ ಸ್ಟೆನ್ಸಿಲ್ ಮಾಡಿಕೊಳ್ಳಿ, ಎಂದರೆ ಅಕ್ಷರದ ಆಕಾರವನ್ನು ಕೊರೆದು ತೆಗೆದ ಹಾಳೆ. ಹಳೆಯ ಎಕ್ಸ್‌ರೇ ಹಾಳೆ ಇದಕ್ಕೆ ಬಹಳ ಚೆನ್ನ. ಇಲ್ಲೂ ಕನ್ನಡದ್ದೇ ಒಂದು ತೊಡಕಿದೆ. ‘ರ’, ‘ಠ’, ಅನುಸ್ವಾರ ಇವುಗಳ ಹೊಟ್ಟೆ ಮುಚ್ಚಿರುವುದರಿಂದ ಕೊರೆದಾಗ ನಡುವಿನ ತುಂಡು ಕಳಚಿ ಬೀಳುತ್ತದೆ. ಮೇಲೆ ಕೆಳಗೆ ಬೆರಳಿನರ್ಧ ಅಗಲದ ಎರಡು ಸೇತುವೆಗಳನ್ನು ಕೊರೆಯದೆ ಬಿಡಿ, ಬಣ್ಣ ಒಣಗಿದ ಮೇಲೆ ಆ ಸಂದನ್ನು ಕುಂಚದಿಂದ ತುಂಬಿ. ಸ್ಟೆನ್ಸಿಲ್‌ಗೆ ಕುಂಚ ಬೇಡ, ಸ್ಪಂಜಿನ ತುಂಡನ್ನು ಬಣ್ಣದಲ್ಲಿ ಅದ್ದಿ, ಕಾಗದದ ಮೇಲೆ ಒತ್ತಿ ಹೆಚ್ಚಿನದನ್ನು ತೆಗೆದು, ಮೆಲ್ಲಗೆ ತಟ್ಟಿ. ಬಾಣಕ್ಕೆ ಒಂದೇ ಸ್ಟೆನ್ಸಿಲ್ ಸಾಕು, ಮಗುಚಿ ಹಾಕಿದರೆ ಎಡದ ಬಾಣ ಬಲದ್ದಾಗುತ್ತದೆ. ಮಗುಚುವ ಮೊದಲು ಹಸಿ ಬಣ್ಣ ಒರೆಸಿರಬೇಕು.

ಮಕ್ಕಳಿಗೆ ಎಮಲ್ಷನ್ ಕೊಡಿ, ಎನಾಮಲ್ ಮತ್ತು ಟರ್ಪೆಂಟೈನ್ ದೊಡ್ಡವರ ಕೈಯಲ್ಲಿರಲಿ. ಮಳೆಗಾಲದಲ್ಲಿ ಬೇಗ ಒಣಗಲಿ ಎಂದು ಬಚ್ಚಲ ಒಲೆಯ ಹತ್ತಿರ ಎನಾಮಲ್ ಫಲಕ ಇಡಬೇಡಿ, ಅದರ ಆವಿಗೆ ಬೆಂಕಿ ಹತ್ತುತ್ತದೆ. ಟರ್ಪೆಂಟೈನ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಹೊರಗೆ ಹರವಿ. ಅಕ್ಷರ ಮುಟ್ಟಿದರೆ ಅಂಟದಿರಲು ಬಿಸಿಲಿನ ದಿನ ಆರು ಗಂಟೆ ಸಾಕಾದರೆ, ಮಡಿಕೇರಿಯ ತೇವಕ್ಕೆ ಎರಡು ದಿನ ಬೇಕು. ಜಾಥಾಕ್ಕೆ ಒಂದು ವಾರ ಮೊದಲೇ ಬರೆದು ಮುಗಿಸಿ ಎಂದು ನಾನು ಹೇಳುವುದು ಇದಕ್ಕೇ.

ಹಂತ 8: ಬಟ್ಟೆಯ ಬ್ಯಾನರ್

ಆರಂಭದ ಜಾಗಕ್ಕೆ ಒಂದು ಬ್ಯಾನರ್ ಸಾಕು. ಪಂಚೆಯನ್ನು ಚೆನ್ನಾಗಿ ಒಗೆದು ಗಂಜಿ ಬಿಡಿಸಿ, ಎರಡು ತುದಿಗೂ ಬಿದಿರು ತೂರುವಷ್ಟು ಅಗಲ ಮಡಿಚಿ ಹೊಲಿಯಿರಿ. ಕೆಳಗೆ ದಿನಪತ್ರಿಕೆ ಹಾಸಿ ಬರೆಯಿರಿ, ಇಲ್ಲವಾದರೆ ಜಗಲಿಯ ನೆಲಕ್ಕೂ ಅದೇ ಘೋಷಣೆ ಅಚ್ಚಾಗುತ್ತದೆ. ಬಟ್ಟೆಯ ಮೇಲೆ ಎನಾಮಲ್ ಹರಡಿ ಎಣ್ಣೆಯ ಕಲೆ ಬಿಡುತ್ತದೆ, ಇಲ್ಲಿ ಕಪ್ಪು ಎಮಲ್ಷನ್ ಬಳಸಿ. ರಸ್ತೆಗೆ ಅಡ್ಡಲಾಗಿ ಕಟ್ಟಬೇಡಿ. ತೋಟದ ಲಾರಿ, ಬಸ್ಸುಗಳ ತಲೆಗೆ ಸಿಕ್ಕಿದರೆ ಬಿದಿರು ಸಮೇತ ಸವಾರರ ಮೇಲೆ ಬೀಳುತ್ತದೆ.

ಹಂತ 9: ಸೈಕಲಿಗೆ ಕಟ್ಟುವ ಫಲಕ

ಹ್ಯಾಂಡಲ್ ಮುಂದೆ ಕಟ್ಟುವುದಾದರೆ 20 ಸೆಂಟಿಮೀಟರ್ ಎತ್ತರ, 30 ಸೆಂಟಿಮೀಟರ್ ಅಗಲ ಮೀರದಿರಲಿ. ಕಟ್ಟಿದ ಮೇಲೆ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಎರಡೂ ಬ್ರೇಕ್ ಹಿಡಿದು ನೋಡಿ. ಬ್ರೇಕಿನ ತಂತಿಗೆ ಹುರಿ ಸುತ್ತಿಕೊಂಡಿರುವುದು ಇಳಿಜಾರಿನಲ್ಲಿ ಗೊತ್ತಾದರೆ ತಡವಾಗಿರುತ್ತದೆ. ಸೈಕಲಿನ ತ್ರಿಕೋನ ಚೌಕಟ್ಟನ್ನು ಪೂರ್ತಿ ಮುಚ್ಚುವ ರಟ್ಟು ನೋಡಲು ಅಂದ, ಆದರೆ ಬೆಟ್ಟದ ಅಂಚಿನ ಅಡ್ಡಗಾಳಿಗೆ ಅದು ಹಾಯಿಯಂತೆ ಹಿಡಿದು ಸೈಕಲನ್ನು ಪಕ್ಕಕ್ಕೆ ತಳ್ಳುತ್ತದೆ. ಊರೊಳಗಿನ ಮೆರವಣಿಗೆಗೆ ಮಾತ್ರ ಅದು ಸರಿ. ಕೈಯಲ್ಲಿ ಕೋಲು ಹಿಡಿದು ಸವಾರಿ ಮಾಡುವುದಂತೂ ಬೇಡ. ಘೋಷಣೆ ಹೊತ್ತೊಯ್ಯಲು ಎಲ್ಲಕ್ಕಿಂತ ಒಳ್ಳೆಯ ಜಾಗ ಸವಾರನ ಬೆನ್ನು. ಒಂದು ಚದರ ಅಡಿ ಹಳದಿ ಬಟ್ಟೆಗೆ ನಾಲ್ಕು ಮೂಲೆಯಲ್ಲಿ ಲಾಡಿ ಹೊಲಿದು ಹೆಗಲಿಗೂ ಸೊಂಟಕ್ಕೂ ಕಟ್ಟಿದರೆ ಹಿಂದಿನ ವಾಹನದವರು ಸಹಜವಾಗಿಯೇ ಓದುತ್ತಾರೆ.

ಸ್ವಯಂಸೇವಕರು ಹಿಡಿಯುವ ಕೈಫಲಕದಲ್ಲಿ ‘ನಿಲ್ಲಿ’ ಎಂದು ಬರೆಯಬೇಡಿ. ವಾಹನ ನಿಲ್ಲಿಸುವುದು ಪೊಲೀಸರ ಕೆಲಸ. ‘ನಿಧಾನ’ ಎಂದು ಬರೆದು ಸೈಕಲ್ ಚಿತ್ರ ಹಾಕಿ.

ಹಂತ 10: ಕಟ್ಟುವುದು

ಭಾರತದಲ್ಲಿ ನಾವು ಎಡಗಡೆ ಹೋಗುವವರು, ಫಲಕವೂ ಎಡಗಡೆ ಇರಲಿ. ಸೈಕಲ್ ಮೇಲೆ ಕುಳಿತವರ ಎದೆಯ ಮಟ್ಟ ಸರಿಯಾದ ಎತ್ತರ. ಫಲಕವನ್ನು ಎರಡು ಅಡಕೆ ದಬ್ಬೆಗಳ ನಡುವೆ ಕಟ್ಟಿ ಮಣ್ಣಿಗೆ ನೆಡಿ, ಅಥವಾ ಬೇಲಿಯ ಕಂಬಕ್ಕೆ ಹುರಿಯಿಂದ ಕಟ್ಟಿ. ಮರಕ್ಕೆ ಮೊಳೆ ಹೊಡೆಯಬೇಡಿ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿಯ ಮೇಲೆ ಹುರಿ ಬಿಗಿಯಬೇಡಿ, ಬಳ್ಳಿಯ ಗಿಣ್ಣು ಮುರಿದರೆ ತೋಟದವರಿಗೆ ಅದು ಫಸಲಿನ ನಷ್ಟ. ವಿದ್ಯುತ್ ಕಂಬಕ್ಕೂ, ಸರ್ಕಾರದ ರಸ್ತೆ ಫಲಕಕ್ಕೂ ಕೈ ಹಾಕಬೇಡಿ. ಮೈದಾ ಅಂಟಿನಿಂದ ಗೋಡೆಗೆ ಅಂಟಿಸಿದ ಕಾಗದವನ್ನು ಬೆಳಗಾಗುವುದರೊಳಗೆ ದನಗಳು ತಿಂದು ಮುಗಿಸಿರುತ್ತವೆ. ಟಾರಿನ ಮೇಲೆ ಎನಾಮಲ್ ಬಾಣ ಬರೆದರೆ ಹನಿ ಬಿದ್ದ ಕೂಡಲೇ ಜಾರುತ್ತದೆ, ಬೇಕಿದ್ದರೆ ರಂಗೋಲಿ ಪುಡಿಯಲ್ಲಿ ಬರೆಯಿರಿ.

ಕಟ್ಟುವ ಸಮಯದ ಬಗ್ಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯ ರಸ್ತೆಗಳಲ್ಲಿ ಮುಸ್ಸಂಜೆಗೂ ನಸುಕಿಗೂ ಆನೆಗಳು ದಾಟುತ್ತವೆ. ‘ನಾಳೆ ಬೆಳಿಗ್ಗೆ ಐದಕ್ಕೆ ನಾನೊಬ್ಬನೇ ಹೋಗಿ ಕಟ್ಟಿ ಬರುತ್ತೇನೆ’ ಎನ್ನುವ ಉತ್ಸಾಹಿಯನ್ನು ತಡೆಯಿರಿ. ಹಲಸು ಹಣ್ಣಾಗುವ ಕಾಲದಲ್ಲಂತೂ ತೋಟದ ಅಂಚಿನಲ್ಲಿ ಬಗ್ಗಿ ಗೂಟ ನೆಡುವವನಿಗೆ ಹಿಂದೆ ಏನು ನಿಂತಿದೆ ಎಂದು ತಿಳಿಯದು. ಹಿಂದಿನ ದಿನ ಮಧ್ಯಾಹ್ನ, ಇಬ್ಬರು ಮೂವರು ಸೇರಿ, ವಾಹನದಲ್ಲಿ ಹೋಗಿ ಕಟ್ಟಿ. ರಾತ್ರಿ ಒಂದೆರಡು ಕಿತ್ತುಹೋದರೂ ಬೆಳಕು ಹರಿದ ಮೇಲೆ ಜಾಥಾದ ಮುಂದೆ ಹೋಗುವ ವಾಹನದವರು ಬದಲಿ ಫಲಕ ಕಟ್ಟುತ್ತಾರೆ. ಹತ್ತಕ್ಕೊಂದರಂತೆ ಖಾಲಿ ಬಾಣದ ಫಲಕ ಹೆಚ್ಚಿಗೆ ಮಾಡಿಟ್ಟುಕೊಂಡಿರಬೇಕು.

ಕಟ್ಟಿದ ಮೇಲೆ ಹತ್ತು ಹೆಜ್ಜೆ ಹಿಂದೆ ಹೋಗಿ ಸೈಕಲ್ ಎತ್ತರಕ್ಕೆ ಬಗ್ಗಿ ನೋಡಿ. ಕಾಫಿ ಗಿಡದ ಒಂದು ರೆಂಬೆ ಸಾಕು, ‘ಬಲ’ದಲ್ಲಿ ‘ಲ’ ಮಾತ್ರ ಉಳಿಸಲು.

ಹಂತ 11: ಬಿಚ್ಚುವುದು

ಫಲಕದ ಹಿಂಭಾಗದಲ್ಲಿ ಬರೆಯುವಾಗಲೇ ಕ್ರಮಸಂಖ್ಯೆ ಹಾಕಿ, ಯಾವ ಸಂಖ್ಯೆ ಎಲ್ಲಿದೆ ಎಂದು ಒಂದು ಪಟ್ಟಿ ಇಟ್ಟುಕೊಳ್ಳಿ. ಕೊನೆಯ ಸವಾರನ ಹಿಂದೆ ಬರುವ ವಾಹನದವರಿಗೆ ಆ ಪಟ್ಟಿಯನ್ನು ಕೊಟ್ಟರೆ ಅವರು ಬರುತ್ತಲೇ ಬಿಚ್ಚಿಕೊಂಡು ಬರುತ್ತಾರೆ, ಸಂಜೆ ಬೇರೆ ತಿರುಗಾಟ ಬೇಡ. ಹುರಿಯ ತುಂಡುಗಳನ್ನೂ ಗೋಣಿಚೀಲಕ್ಕೆ ಹಾಕಿ ತನ್ನಿ, ಮೇಯುವ ದನದ ಹೊಟ್ಟೆ ಸೇರಬಾರದು.

ಮನೆಗೆ ಬಂದ ಫಲಕಗಳನ್ನು ಆ ರಾತ್ರಿಯೇ ಒಂದರ ಮೇಲೊಂದು ಪೇರಿಸಬೇಡಿ. ತೇವ ಆರಲು ಎರಡು ದಿನ ಜಗಲಿಯಲ್ಲಿ ನಿಲ್ಲಿಸಿ, ನಂತರ ನಡುವೆ ದಿನಪತ್ರಿಕೆ ಇಟ್ಟು, ಮಲಗಿಸಿ ಕಟ್ಟು ಕಟ್ಟಿ. ನೆಲಕ್ಕೆ ತಾಗಿದರೆ ಗೆದ್ದಲು ಹಿಡಿಯುತ್ತದೆ, ಹೊಗೆ ಆಡುವ ಅಡುಗೆಮನೆಯ ಅಟ್ಟವೇ ಸರಿಯಾದ ಜಾಗ. ಕಟ್ಟಿನ ಮೇಲೆ ಒಂದು ಚೀಟಿ ಸಿಕ್ಕಿಸಿ: ಎಷ್ಟು ‘ಎಡ’, ಎಷ್ಟು ‘ಬಲ’, ಎಷ್ಟು ಬಾಣ, ಯಾವುದಕ್ಕೆ ಹೊಸದಾಗಿ ಬಣ್ಣ ಬೇಕು.